ಏಳು ದನಗಳ ಜಗಳ

ನಮ್ಮ ಮನೆಯಲ್ಲಿ ನಿನ್ನೆ ರಾತ್ರಿಯಿಂದ ಬೀಗಿತ್ತಿಯರಿಬ್ಬರ ನಡುವೆ ಮಾತಿಲ್ಲ. ಕಾಫಿಗೆ ಸಕ್ಕರೆ ಸಾಕೇ ಎಂಬುದನ್ನೂ ನನ್ನ ಮೂಲಕವೇ ಕೇಳಿಸುತ್ತಾರೆ. ಬೀಗರು ಮುನಿಸಿಕೊಳ್ಳಲು ಬಂಗಾರ, ಸೀರೆ, ಹೋಳಿಗೆಗೆ ಕಡಿಮೆಯಾದ ತುಪ್ಪ ಎಂದು ಮರ್ಯಾದಸ್ತ ಕಾರಣಗಳಿವೆ. ಇವರದು ಏಳು ದನ. ಅದೂ ಇಸ್ಪೀಟಿನಂಥ ಎಲೆಯ ಮೇಲೆ ಅಚ್ಚು ಹಾಕಿದ ದನ.

ನಾವಿರುವುದು ಜರ್ಮನಿಯಲ್ಲಿ. ಇಲ್ಲೇ ಪಕ್ಕದ ಎಸ್ಸೆನ್‌ನಲ್ಲಿ ಅಕ್ಟೋಬರ್ ಬಂತೆಂದರೆ ‘ಶ್ಪೀಲ್’ ಎಂಬ ಆಟಗಳ ಜಾತ್ರೆ. 1983ರಲ್ಲಿ ಶುರುವಾದದ್ದು, ಈಗ ನಾಲ್ಕು ದಿನಕ್ಕೆ ಎರಡು ಲಕ್ಷದಷ್ಟು ಜನ ಸೇರುತ್ತಾರೆ. ಜಾತ್ರೆಯ ಹಿಂದಿನ ಸಂಜೆ ಗೆಳೆಯರನ್ನು ಕರೆದು ತಲೆಬಿಸಿಯಿಲ್ಲದ ಸಣ್ಣ ಆಟ ಆಡುವುದು ನನ್ನ ಮಗನ ಸಂಪ್ರದಾಯ. ನಿಯಮದ ಪುಸ್ತಕದ ವಿಷಯದಲ್ಲಿ ಅವನ ಮಡಿ ಅವನ ಮುತ್ತಜ್ಜಿಗೂ ಇರಲಿಲ್ಲ. ನಿನ್ನೆ ಇಬ್ಬರು ಜರ್ಮನ್ ಗೆಳೆಯರು ಬಂದರು. “ಅಜ್ಜಿಯರಿಗೂ ಬೇಜಾರಾಗಬಾರದು” ಎಂದು ಇವನು ಅವರನ್ನೂ ಕೂರಿಸಿದ. ಬೇಜಾರಾಗಲಿಲ್ಲ.

ಅವ್ವ ರಾಯದುರ್ಗದವಳು, ಅತ್ತೆ ಮಡಕಶಿರದವರು. ಎಲೆ ಹಂಚುವ ಮುನ್ನವೇ ಜಿಲ್ಲೆಯ ಜಗಳ. ಆಂಧ್ರದ ಒಂದೇ ಅನಂತಪುರ ಜಿಲ್ಲೆಯವರೆಂದು ನಂಬಿ ಸಂಬಂಧ ಬೆಳೆಸಿದ್ದೆವು. 2022ರಲ್ಲಿ ಸರ್ಕಾರ ಮಡಕಶಿರವನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿತು. “ಈಗ ನೀವು ಬೇರೆ ಜಿಲ್ಲೆಯೋರು ಬಿಡ್ರಿ” ಎಂದಳು ಅವ್ವ. “ಐವತ್ಮೂರರ ತನಕ ನಿಮ್ಮೂರು ಬಳ್ಳಾರಿ ಜಿಲ್ಲೇಲಿತ್ತಲ್ಲಮ್ಮ, ನಾವೇನಾದ್ರೂ ಅಂದ್ವಾ?” ಎಂದರು ಅತ್ತೆ. ನಾನು ಉಗ್ಗಾಣಿ ಕಲಸುವ ನೆಪದಲ್ಲಿ ಒಳಗೆ ಹೋದೆ.

ಆಟದ ಹೆಸರು ‘ಜೆಕ್ಸ್ ನಿಮ್ಟ್’. ವೋಲ್ಫ್‌ಗಾಂಗ್ ಕ್ರಾಮರ್ ಎಂಬವರು ಕಟ್ಟಿದ್ದು, 1994ರಲ್ಲಿ ಬಂದದ್ದು. 104 ಎಲೆ, ನಾಲ್ಕು ಸಾಲು. ಎಲ್ಲರೂ ಒಂದೊಂದು ಎಲೆ ಮುಚ್ಚಿಟ್ಟು ಒಟ್ಟಿಗೇ ತೆರೆಯಬೇಕು. ಸಾಲಿನಲ್ಲಿ ಆರನೆಯ ಎಲೆ ಯಾರದೋ ಅವರು ಮೊದಲಿನ ಐದನ್ನೂ ಹೊರಬೇಕು. ಎಲೆಗಳ ಮೇಲೆ ದನದ ತಲೆಗಳು; 55ರ ಮೇಲಂತೂ ಏಳು. ಕೊನೆಗೆ ದನ ಕಡಿಮೆ ಇದ್ದವರೇ ಗೆದ್ದ ಹಾಗೆ.

“ಕಡಿಮೆ ಇದ್ದೋರಾ?” ಅವ್ವ ಕನ್ನಡಕ ಸರಿಮಾಡಿಕೊಂಡಳು.

“ಹೌದಜ್ಜಿ.”

“ದನ ಇಲ್ದೋನು ಗೆದ್ದಂಗೆ?”

“ಹೌದಜ್ಜಿ!”

ಬೀಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿ, ನನ್ನ ಮದುವೆಯಾದಾಗಿನಿಂದ ಮೊದಲ ಬಾರಿಗೆ ಒಮ್ಮತಕ್ಕೆ ಬಂದರು: ಹುಡುಗನಿಗೆ ಓದು ಹತ್ತಿಲ್ಲ. ಅಲ್ಲಿಂದ ಇಬ್ಬರೂ ದನ ಕೂಡಿಸಲು ಕೂತರು. ಹುಡುಗನಿಗೆ ಕನ್ನಡ ಬರುತ್ತದೆಂದು ಗುಟ್ಟೆಲ್ಲ ತೆಲುಗಿನಲ್ಲಿ.

ಹಾಕಿದ ಎಲೆ ಎಲ್ಲ ಸಾಲುಗಳ ಕೊನೆಯ ಎಲೆಗಿಂತ ಸಣ್ಣದಾದರೆ ಇಷ್ಟಬಂದ ಸಾಲನ್ನು ಎತ್ತಿಕೊಳ್ಳಬೇಕೆಂಬ ನಿಯಮವಿದೆ. ಅದು ಶಿಕ್ಷೆ. ಇವರಿಗದು ಸರ್ಕಾರಿ ಸಬ್ಸಿಡಿ. 55 ಬಿದ್ದ ಕೂಡಲೇ ಅವ್ವ ಮೂರು ಹಾಕಿದಳು. ಅತ್ತೆ ಎರಡು ಹಾಕಿದ್ದರು. ಸಣ್ಣ ಎಲೆಯದೇ ಮೊದಲ ಸರದಿ. ಅತ್ತೆ ಏಳು ದನವನ್ನೂ ಸೆರಗಿಗೆ ಸೇರಿಸಿದರು. ಖಾಲಿಯಾದ ಸಾಲಿನಲ್ಲಿ ಅವರ ಎರಡು, ಅದರ ಹಿಂದೆ ಅವ್ವನ ಮೂರು.

“ನಂದ್ಯಾಕೆ ಅವರ ಹಿಂದೆ?”

“ಅದೇ ರೂಲು, ಅಜ್ಜಿ.”

“ಗಂಡಿನ ಕಡೆಯೋರು ಅಂತ ಇಲ್ಲೂ ಮುಂದೇನಾ?”

ಜರ್ಮನ್ ಹುಡುಗರು ಅನುವಾದಕ್ಕಾಗಿ ಕಾದರು. ಮಗ ನಿಯಮದ ಪುಸ್ತಕ ತಿರುವಿದ. ಬೀಗತನದ ಅಧ್ಯಾಯ ಅದರಲ್ಲಿರಲಿಲ್ಲ. ನನ್ನ ಮದುವೆಯಲ್ಲಿ ಯಾರ ಎಲೆಗೆ ಮೊದಲು ಬಡಿಸಿದರು ಎಂಬಲ್ಲಿಗೆ ಹೋದ ಮಾತು, ಉಗ್ಗಾಣಿ ಆರಿದರೂ ವಾಪಸಾಗಲಿಲ್ಲ. ನಮ್ಮನೆಯವರು ಪಂಚಾಯ್ತಿಗೆಂದು ಬಂದು, ಎರಡೂ ಕಡೆ ನೋಡಿ, ಬಜ್ಜಿ ತಟ್ಟೆಯೊಂದಿಗೆ ಬಾಲ್ಕನಿ ಸೇರಿದರು.

ಬಂದ ಹುಡುಗರಲ್ಲೊಬ್ಬ ಮೆಲ್ಲಗೆ ಕೇಳಿದ, ದನ ಜಾಸ್ತಿಯಾದರೆ ಊರಲ್ಲಿ ನಿಜಕ್ಕೂ ಗೆದ್ದಂತೆಯೇ ಎಂದು. ಅತ್ತೆ 55ನ್ನು ಬೆರಳಲ್ಲಿ ತೀಡಿದರು. “ಆಟ ಮಾಡಿದ ಆಯಪ್ಪ ಸುಳ್ಳೇನೂ ಹೇಳಿಲ್ಲ. ಮಳೆ ಕೈಕೊಟ್ಟ ವರ್ಷ ದನ ಜಾಸ್ತಿ ಇದ್ದೋನೇ ಸೋತೋನು. ನಮ್ಮಪ್ಪ ಸಂತೆಗೆ ಹೊಡ್ಕೊಂಡೋಗಿ ಕೇಳಿದಷ್ಟಕ್ಕೆ ಕೊಟ್ಟು ಬಂದ.”

“ಜೋಡೆತ್ತಾ?” ಅವ್ವ ಕೇಳಿದಳು.

“ಹೂಂ. ಮೇವಿರಲಿಲ್ಲ.”

ವರ್ಷಕ್ಕೆ 550 ಮಿಲಿಮೀಟರ್ ಮಳೆ ಕಂಡರೆ ಪುಣ್ಯ ಎನ್ನುವ ಸೀಮೆ. ಅತ್ತೆಯ ಈ ಮಾತನ್ನು ಮಗ ಅನುವಾದಿಸಲಿಲ್ಲ. ಅಷ್ಟಕ್ಕೆ ರಾಜಿಯಾಯಿತೆಂದು ನಾನು ಕಾಫಿ ತಂದರೆ, “ಹಂಗಂತ ಮೂರು ಎರಡರ ಹಿಂದೆ ನಿಲ್ಲಬೇಕೇನು?” ಎಂದಳು ಅವ್ವ.

ಕೊನೆಗೆ ಲೆಕ್ಕ. ಮಗನದು ಸೊನ್ನೆ ದನ. ಗೆದ್ದೆನೆಂದು ಎದ್ದು ಕುಣಿದ. ಅತ್ತೆಗೆ ಕರುಳು ಚುರುಕ್ ಎಂದಿತು. “ಅಯ್ಯೋ ಕಂದ, ಒಂದು ಕರಾನೂ ಇಲ್ವಲ್ಲೋ. ನಿಂಗ್ಯಾರು ಹೆಣ್ಣು ಕೊಡ್ತಾರೆ?” ಎಂದು 55ನ್ನೇ ಅವನತ್ತ ತಳ್ಳಿದರು. ಹೆಣ್ಣಿನ ಕಡೆಯವರು ಕಡಿಮೆಯಾಗಬಾರದಲ್ಲ. ಅವ್ವ ತನ್ನ ಇಡೀ ದೊಡ್ಡಿಯನ್ನೇ ಅವನ ಮುಂದೆ ಸುರಿದಳು. ಗೆದ್ದವನು ನಿಮಿಷದೊಳಗೆ ಕಟ್ಟಕಡೆಯವನಾದ.

“ಇದು ರೂಲಲ್ಲಿಲ್ಲ!” ಎಂದು ಪುಸ್ತಕ ಎತ್ತಿ ಕಿರುಚಿದ.

“ರೂಲು ಆಮೇಲೆ. ಮೊದ್ಲು ದನ ಕಟ್ಟು” ಎಂದರು ಇಬ್ಬರೂ.