ಗ್ರಾವೆಲಣ್ಣ

ಶನಿವಾರ ಬೆಳಗ್ಗೆ ಮೂಡಿಗೆರೆ ಸೀಮೆಯ ಜಾವಳಿಯ ತಿರುವಿನಲ್ಲಿ ಕಾರಿನ ಬೆನ್ನಿನಿಂದ ಸೈಕಲ್ ಇಳಿಸುತ್ತಾ ನಿಂತವನು ಕಂಡರೆ ಅವನೇ ಗ್ರಾವೆಲಣ್ಣ ಎಂದು ತಿಳಿಯಿರಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇರುತ್ತದೆ. ಇದು ಅವನ ಜಲ್ಲಿ ರಸ್ತೆಯ ‘ಗ್ರಾವೆಲ್’ ಸೈಕಲ್ ನೋಡಿ ನಮ್ಮ ಹೋಟೆಲಿನ ಬೆಂಚು ಇಟ್ಟ ಹೆಸರು. ಅವನು ಒಬ್ಬನಲ್ಲ, ಒಂದು ಕುಲ. ವಯಸ್ಸು ನಲವತ್ತರ ಆಸುಪಾಸು, ಉದ್ಯೋಗ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಮನಸ್ಸು ಮಲೆನಾಡಿನಲ್ಲಿ, ಮನೆಪತ್ರ ಬ್ಯಾಂಕಿನಲ್ಲಿ.

ಸೈಕಲ್ ಇಳಿಯುತ್ತಿದ್ದಂತೆ ನಮ್ಮವರು ಸುತ್ತ ಸೇರುತ್ತಾರೆ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುರುಳಿ ಸುತ್ತಿದೆ. ಟೈರು 45 ಮಿಲಿಮೀಟರ್ ಅಗಲ. ಒಳಗೆ ಟ್ಯೂಬಿಲ್ಲ, ಬದಲಿಗೆ ಏನೋ ಬಿಳಿ ದ್ರವ, ಮುಳ್ಳು ಚುಚ್ಚಿದರೆ ಅದೇ ಹೋಗಿ ತೂತು ಮುಚ್ಚುತ್ತದಂತೆ. ರೇಟು ಕೇಳಿದ ಬೆಳೆಗಾರರೊಬ್ಬರು ಅದನ್ನು ಮನಸ್ಸಿನಲ್ಲೇ ಕಾಫಿ ಮೂಟೆಗೆ ಭಾಗಿಸಿ, ಉಳಿದ ಶೇಷಕ್ಕೆ ಒಂದು ನಿಟ್ಟುಸಿರು ಬಿಡುತ್ತಾರೆ.

“ಸ್ಟ್ಯಾಂಡು?”

“ಇಲ್ಲ ಸಾರ್, ತೂಕ ಜಾಸ್ತಿಯಾಗುತ್ತೆ.”

“ಕ್ಯಾರಿಯರು? ಮಡ್‌ಗಾರ್ಡು?”

“ಇಲ್ಲ.”

“ಬೆಲ್ಲಾದರೂ?”

“ಯಾಕೆ ಸಾರ್? ಇಲ್ಲಿ ಟ್ರಾಫಿಕ್ಕೇ ಇಲ್ಲವಲ್ಲ!”

ಇದು ಅವನ ಮೂಲಮಂತ್ರ. ಮುಳ್ಳಯ್ಯನಗಿರಿಯ ಹೆಸರೆತ್ತಿದರೆ ಮುಖ ಹುಳಿ ಮಾಡುತ್ತಾನೆ. 1,930 ಮೀಟರ್ ಎತ್ತರದ ಆ ಗಿರಿಗೆ ವಾರಾಂತ್ಯದಲ್ಲಿ ಕಾರುಗಳ ಸಾಲು. ಅದೆಲ್ಲ ಟೂರಿಸ್ಟರ ಜಾಗ, ತಾನು ಟೂರಿಸ್ಟನಲ್ಲ ಎಂಬುದು ಅವನ ನಂಬಿಕೆ. ಅವನಿಗೆ ಬೇಕಾದದ್ದು ಕಾಡು, ಏರು, ಇಳಿಜಾರು, ಟಾರು ಕಾಣದ ದಾರಿ. “ಎರಡು ಗಂಟೆ ಸಾರ್, ಒಂದೇ ಒಂದು ಗಾಡಿ ಬರಲಿಲ್ಲ, ಗೊತ್ತಾ?” ಎಂದು ಅವನು ಕಣ್ಣರಳಿಸಿದಾಗ, ಆ ಎರಡು ಗಂಟೆಯೂ ಬಸ್ಸಿಗೆ ಕಾದು ಕೂತ ಅಜ್ಜಿ “ನಂಗೂ ಗೊತ್ತು ಮಗಾ” ಎನ್ನುತ್ತಾಳೆ.

ಈ ಮಲೆನಾಡಿನ ಮೂಲೆಮೂಲೆಗೂ ಬಸ್ಸು ಬರುತ್ತಿದ್ದ ಕಾಲವಿತ್ತು. 1991ರಲ್ಲಿ ಕೊಪ್ಪದಲ್ಲಿ ಬಸ್ಸಿನ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಕಂಡಕ್ಟರಿಗೆ ಪ್ರಯಾಣಿಕರ ಮನೆಯ ಸಮಾಚಾರವೆಲ್ಲ ಗೊತ್ತಿರುತ್ತಿತ್ತು. 2020ರಲ್ಲಿ ಅದು ನಿಂತುಹೋಯಿತು. ಶಾಲೆಯ ಮಕ್ಕಳೂ ಮುದುಕರೂ ತೋಟದ ಆಳುಗಳೂ ಜೀಪು, ಆಟೋ, ಗುರುತಿನವರ ಬೈಕು ಎಂದು ಕೈಯೊಡ್ಡತೊಡಗಿದರು. ಗ್ರಾವೆಲಣ್ಣನ ಖಾಲಿ ರಸ್ತೆಗೆ ಇದೇ ಸ್ಥಳಪುರಾಣ.

ಪೂರ್ತಿ ಖಾಲಿ ಎನ್ನುವ ಹಾಗೂ ಇಲ್ಲ. ಮೂಡಿಗೆರೆ ಸೀಮೆಯಲ್ಲಿ ಎಷ್ಟೋ ಜನ ಹಾಸಿಗೆಯಿಂದ ಎದ್ದವರೇ ನೋಡುವುದು ವಾಟ್ಸಾಪಿನ ಆನೆ ಸಮಾಚಾರ: ಒಂಟಿಯೋ ಗುಂಪೋ, ಯಾವ ತೋಟದಲ್ಲಿದೆ, ಯಾವ ರಸ್ತೆ ದಾಟಬಹುದು. ಅದನ್ನು ತೋರಿಸಿ ಹುಷಾರು ಎಂದರೆ ಗ್ರಾವೆಲಣ್ಣ ತನ್ನ ಮೊಬೈಲು ತೋರಿಸಿ, “ನನ್ನ ಮ್ಯಾಪಿನಲ್ಲಿ ಆ ಕಡೆ ಪೂರ್ತಿ ಹಸಿರಿದೆ ಸಾರ್” ಎನ್ನುತ್ತಾನೆ.

“ಆನೆಗೂ ಹಸಿರೇ ಇಷ್ಟ ಮಾರಾಯ್ರೆ” ಎಂದು ತೋಟದ ರೈಟರು ಹೇಳಿದ ಮೇಲೆ ಅವನು ಮೆಲ್ಲಗೆ ದಿಕ್ಕು ಬದಲಿಸುತ್ತಾನೆ.

ಬದಲಿಸಿದ ದಿಕ್ಕಿನಲ್ಲಿ ಸಿಗುವುದು ಅದೇ ರೈಟರ ಗೇಟು. ಬೆಂಗಳೂರಿನಲ್ಲಿ ಕೂತು ಉಪಗ್ರಹದ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಸಿಲ್ವರ್ ಓಕ್ ಮರಗಳ ನಡುವೆ ಕಂಡ ಕಂದು ಗೆರೆಗಳನ್ನೆಲ್ಲ ಅವನು ಸಾರ್ವಜನಿಕ ರಸ್ತೆ ಎಂದು ಗುರುತು ಹಾಕಿಕೊಂಡಿರುತ್ತಾನೆ. ಅವುಗಳಲ್ಲಿ ಅರ್ಧ ಗೊಬ್ಬರದ ಟ್ರ್ಯಾಕ್ಟರು ಓಡಾಡಲು ಎಸ್ಟೇಟಿನವರು ಮಾಡಿಕೊಂಡ ದಾರಿ. ಇನ್ನು ಕೆಲವು ಗೆರೆಗಳು ಕುದುರೆಮುಖದ ಕಾಡಿನೊಳಕ್ಕೇ ಹೋಗಿರುತ್ತವೆ. 1987ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಅಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಗಾಲಿ ಉರುಳಿಸುವ ಹಾಗಿಲ್ಲ.

“ಸ್ಯಾಟಲೈಟಿನಲ್ಲಿ ದಾರಿ ಕ್ಲಿಯರಾಗಿ ಕಾಣುತ್ತೆ, ಗೇಟು ಎಲ್ಲೂ ಕಾಣಲ್ಲ” ಎಂದು ಅವನ ವಾದ.

“ಹಾಗಾದ್ರೆ ಮೇಲಿಂದ್ಲೇ ಬನ್ನಿ” ಎಂದು ರೈಟರು ಬೀಗ ಜಗ್ಗಿ ನೋಡುತ್ತಾರೆ.

ಹಿಂತಿರುಗಿದವನನ್ನು ಹೇಮಾವತಿ ಹುಟ್ಟುವ ಜಾಗಕ್ಕೆ ಕರೆದೊಯ್ಯುವುದು ಊರಿನವರ ಉಪಚಾರ. ಗಣಪತಿ ಗುಡಿಯ ಹತ್ತಿರ ಹುಟ್ಟುವ ನದಿ ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಒಟ್ಟು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತಾಳೆ ಎಂದು ಭಕ್ತಿಯಿಂದ ವಿವರಿಸಿದರೆ ಅವನು ಕೇಳುವುದು ಒಂದೇ ಪ್ರಶ್ನೆ: “ಪೂರ್ತಿ ಡೌನ್‌ಹಿಲ್ಲಾ?” ಬೆಂಗಳೂರಿನ ಅವನ ನಲ್ಲಿಯಲ್ಲಿ ಬರುವ ಕಾವೇರಿಯಲ್ಲಿ ಈ ಹೇಮಾವತಿಯ ಪಾಲೂ ಇದೆ ಎಂದ ಮೇಲೆ ಮಾತ್ರ ಒಂದು ಕ್ಷಣ ಹೆಲ್ಮೆಟ್ ತೆಗೆಯುತ್ತಾನೆ.

ಏರು ದಾರಿಯಲ್ಲಿ ಅವನನ್ನು ನೋಡಬೇಕು. ಎದೆಗೆ ಒಂದು ಪಟ್ಟಿ, ಮಣಿಕಟ್ಟಿಗೆ ಒಂದು, ಪೆಡಲಿನಲ್ಲಿ ಒಂದು ಮಾಪಕ. ಎದೆಬಡಿತ, ಕಾಲಿನ ಬಲ, ಸುಟ್ಟ ಕ್ಯಾಲರಿ ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ. ಮಳೆಗಾಲವಾದರೆ ಹೋದ ರಕ್ತದ ಲೆಕ್ಕ ಇಂಬಳಗಳ ಹತ್ತಿರ ಇರುತ್ತದೆ. ಹಲ್ಲು ಕಚ್ಚಿ ತುಳಿಯುವವನ ಪಕ್ಕದಲ್ಲೇ ಮರಗಸಿಯ ಸೌದೆ ಹೊರೆ ಹೊತ್ತ ಹೆಂಗಸರು ಹವಾಯಿ ಚಪ್ಪಲಿಯಲ್ಲಿ ಪಟಪಟನೆ ದಾಟಿ ಹೋಗುತ್ತಾರೆ. “ಅಕ್ಕಾ, ಇದು ಹದಿನೆಂಟು ಪರ್ಸೆಂಟ್ ಗ್ರೇಡಿಯೆಂಟು!” ಎಂದು ಅವನು ಏದುಸಿರಿನಲ್ಲಿ ಕೂಗಿದರೆ, “ಹೌದಾ? ಮೇಲೆ ಹೋದ್ರೆ ನಮ್ಮನೆ” ಎನ್ನುತ್ತಾರೆ ಅವರು.

ಹಸಿದು ಹೋಟೆಲಿಗೆ ಬಂದವನು ಕಡುಬು, ಕೋಳಿ ಸಾರನ್ನು ಮುಗಿಸುವ ರೀತಿಯಲ್ಲಿ ಮಾತ್ರ ಯಾವ ನಾಟಕವೂ ಇಲ್ಲ. ಆ ಒಂದು ಗುಣಕ್ಕೇ ನಮ್ಮವರು ಅವನ ಉಳಿದದ್ದನ್ನೆಲ್ಲ ಕ್ಷಮಿಸಿದ್ದಾರೆ. ಆಮೇಲೆ ಕಾಫಿ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ಕದ್ದು ತಂದರೆಂಬ ಕಥೆಯ ಈ ಜಿಲ್ಲೆಗೆ ಗ್ರಾವೆಲಣ್ಣ ತನ್ನದೇ ಬೀಜ ತಂದಿರುತ್ತಾನೆ, ಇಥಿಯೋಪಿಯಾದ್ದು. ಜೊತೆಗೆ ಕೈಯಲ್ಲಿ ತಿರುಗಿಸುವ ಪುಟ್ಟ ಗ್ರೈಂಡರು, ಸೋಸುವ ಕಾಗದ, ಗ್ರಾಮಿನ ತಕ್ಕಡಿ. ಹೋಟೆಲಿನಮ್ಮ ಒಲೆಯ ಮೇಲಿನ ಬೆಲ್ಲದ ಕಾಫಿಯನ್ನೇ ಮುಂದಿಟ್ಟಾಗ ಮೂಸಿ ನೋಡಿ ಕೇಳುತ್ತಾನೆ: “ಇದು ವಾಷ್ಡಾ ಅಮ್ಮಾ?”

ಮನೆಯ ಪಲ್ಪರಿನಲ್ಲಿ ಕಾಫಿ ಹಣ್ಣು ಸುಲಿದು, ತೊಳೆದು, ಕಣದಲ್ಲಿ ಒಣಗಿಸಿ ವಾಷ್ಡ್ ಕಾಫಿ ಮಾಡುತ್ತಲೇ ಬೆಳೆದವರು ಆಕೆ. ಆದರೂ ಮುಖ ಗಂಟಿಕ್ಕದೆ ಹೇಳುತ್ತಾರೆ: “ಹೂಂ, ಲೋಟ ಈಗಷ್ಟೇ ತೊಳ್ದಿದೀನಿ.”

ಕಾಫಿ ಇಳಿದ ಮೇಲೆ ಉಪನ್ಯಾಸ. ಅಮೆರಿಕದ ಕ್ಯಾನ್ಸಸ್‌ನಲ್ಲಿ 2006ರಿಂದ ಜಲ್ಲಿ ರಸ್ತೆಯಲ್ಲೇ 200 ಮೈಲಿಯ ರೇಸು ನಡೆಯುತ್ತದೆ, 2022ರಲ್ಲಿ ಇಟಲಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ಪೇ ಆಯಿತು ಎಂದು ಅವನು ವಿವರಿಸುತ್ತಾನೆ. ಬೆಂಚಿನ ಕೊನೆಯಲ್ಲಿದ್ದವರು ತಲೆದೂಗುತ್ತಾರೆ: “ಅಲ್ಲಿಯ ಪಂಚಾಯ್ತಿ ಮೆಂಬರೂ ನಮ್ಮವನ ಹಾಗೇ ಅಂತಾಯ್ತು.” ಟಾರಿಗೆ ಅರ್ಜಿ ಕೊಟ್ಟಿದ್ದೇವೆ ಎಂದರೆ ಗ್ರಾವೆಲಣ್ಣನ ಮುಖ ಬಾಡುತ್ತದೆ. “ಛೇ, ಈ ಸರ್ಫೇಸ್ ಎಲ್ಲೂ ಸಿಗಲ್ಲ ಸಾರ್, ಹಾಳು ಮಾಡಬೇಡಿ.” ಹಾಳಾದದ್ದನ್ನು ಹಾಳು ಮಾಡಬೇಡಿ ಎಂದು ಕೈಮುಗಿದವರನ್ನು ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಮೆಂಬರಿಗಂತೂ ತನ್ನ ಅವಧಿಯ ಕೆಲಸವನ್ನು ಮನಸಾರೆ ಹೊಗಳಿದ ಏಕೈಕ ನಾಗರಿಕ ಸಿಕ್ಕಿದ ಸಂತೋಷ. ಪಾಪ, ಆ ನಾಗರಿಕನಿಗೆ ಇಲ್ಲಿ ಓಟಿಲ್ಲ.

ಇಷ್ಟು ಒಂಟಿತನ ಬೇಡುವವನಲ್ಲಿ ಒಂದು ದೌರ್ಬಲ್ಯವಿದೆ. ಯಾರೂ ಇಲ್ಲದ ದಾರಿಯಲ್ಲಿ ತಾನೊಬ್ಬನೇ ಹೋದೆ ಎಂಬುದು ಎಲ್ಲರಿಗೂ ಗೊತ್ತಾಗಬೇಕು. ಸಂಜೆ ಸಿಗ್ನಲ್ ಸಿಕ್ಕಲ್ಲಿ ನಿಂತು, ಹೋದ ದಾರಿಯ ನಕ್ಷೆಯನ್ನು ತಿರುವು ಬಿಡದೆ ಸ್ಟ್ರಾವಾ ಎಂಬ ಆ್ಯಪಿಗೆ ಏರಿಸಿ, “ಯಾರಿಗೂ ಹೇಳಬೇಡಿ” ಎಂದು ಕೆಳಗೆ ಬರೆಯುತ್ತಾನೆ. ಮುಂದಿನ ಶನಿವಾರ ತಿರುವಿನಲ್ಲಿ ಕಾರುಗಳ ಸಾಲು, ಟಗರುಗೊಂಬುಗಳ ಹಿಂಡು. ಗೊಬ್ಬರದ ಟ್ರ್ಯಾಕ್ಟರು ಹಾರ್ನ್ ಹೊಡೆಯುತ್ತಾ ಹಿಂದಕ್ಕೆ ಸರಿಯಬೇಕು. ರೈಟರು ಗೇಟಿಗೆ ಎರಡನೇ ಬೀಗ ತರಿಸುತ್ತಾರೆ. ಹೋಟೆಲಿನಮ್ಮ ಕಡುಬಿಗೆ ಹಿಟ್ಟು ಹೆಚ್ಚು ಕಲೆಸುತ್ತಾರೆ.

ನೊಂದವನು ಮೊದಲಿನ ಗ್ರಾವೆಲಣ್ಣ. ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದ: “ಇಲ್ಲೂ ಟ್ರಾಫಿಕ್ ಶುರುವಾಯ್ತಲ್ಲ ಅಮ್ಮಾ. ಶನಿವಾರ, ಭಾನುವಾರ ಒಂದು ನರಪಿಳ್ಳೆಯೂ ಇಲ್ಲದ ರಸ್ತೆ ಇನ್ನೆಲ್ಲಿದೆ?”

ಹೋಟೆಲಿನಮ್ಮ ಕಡುಬಿನ ಪಾತ್ರೆಯ ಮುಚ್ಚಳ ತೆಗೆಯುತ್ತಾ ಹೊರಗಿನ ಕಾರುಗಳ ಕಡೆ ನೋಡಿ ಹೇಳಿದರು:

“ಬೆಂಗಳೂರಲ್ಲಿ ನೋಡಿ. ನೀವೆಲ್ಲ ಇಲ್ಲೇ ಇದ್ದೀರಲ್ಲ.”