ಅಲ್ಪಬಡ್ಡಿ ಕಾರ್ಡ್ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರಬೇಕೆಂಬುದು ಹಿರಿಯರ ಮತ. ಇಲ್ಲಿಯ ವಿಷಯ, ಕಡಿಮೆ ಬಡ್ಡಿಯ ಕ್ರೆಡಿಟ್ ಕಾರ್ಡನ್ನು ಆರಿಸುವ ಬಗೆ. ಪ್ರಯೋಜನ, ತಿಂಗಳ ಕೊನೆಯ ವಾರದಲ್ಲೂ ನಿದ್ದೆ ಬರುವುದು. ಸಂಬಂಧ, ಓದುಗನಿಗೂ ಬ್ಯಾಂಕಿಗೂ ಇರುವಂಥದು, ಸುಲಭಕ್ಕೆ ಹರಿಯುವಂಥದಲ್ಲ. ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು ಯಾರೆಂಬ ಪ್ರಶ್ನೆಯನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದೇವೆ. ಬಿಲ್ಲನ್ನು ಇಟ್ಟುಕೊಳ್ಳುವ ಹಾಗೆ.

ಪದನಿಷ್ಪತ್ತಿ

'ಬಡ್ಡಿ' ಎಂಬುದು ಸಂಸ್ಕೃತದ 'ವೃದ್ಧಿ'ಯ ತದ್ಭವ. 'ವೃದ್ಧ'ನೂ ಅದೇ ಧಾತುವಿನ ಕೂಸು. ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತ ಹೋದರೆ ಸಾಲ ವೃದ್ಧಿಯಾಗುತ್ತದೆ, ಸಾಲಗಾರ ವೃದ್ಧನಾಗುತ್ತಾನೆ; ಎರಡಕ್ಕೂ ವ್ಯಾಕರಣದ ಬೆಂಬಲವಿದೆ. ಇನ್ನು 'ಸಾಲ' ಹುಟ್ಟಿದ್ದು 'ಸಾಲದು' ಎಂಬುದರಿಂದ: ಸಂಬಳ ಸಾಲದು, ಆದ್ದರಿಂದ ಸಾಲ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪಲಿಕ್ಕಿಲ್ಲ. ಸಂಬಳದಾರರು ಒಪ್ಪುತ್ತಾರೆ.

ಪೂರ್ವಾಚಾರ್ಯರು

ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ ನೂರು ಪಣಕ್ಕೆ ತಿಂಗಳಿಗೆ 1.25 ಪಣ ಧರ್ಮಸಮ್ಮತ ಬಡ್ಡಿ. ವ್ಯಾಪಾರಿಗೆ 5, ಕಾಡು ಹಾಯುವವನಿಗೆ 10, ಕಡಲಿಗಿಳಿಯುವವನಿಗೆ 20. ಇಂದು ಅನೇಕ ಕಾರ್ಡುಗಳು ಕೇಳುವುದು ತಿಂಗಳಿಗೆ ಶೇ 3.75. ಅಂದರೆ ಧರ್ಮದ ಸರಿಯಾಗಿ ಮೂರು ಪಟ್ಟು. ಹೀಗೆ ಕಾರ್ಡುದಾರನು ಧರ್ಮದ ಮನೆ ಬಿಟ್ಟು ಹೊರಟು, ವ್ಯಾಪಾರದ ಊರನ್ನೂ ಮುಟ್ಟದೆ, ನಡುದಾರಿಯ ಮಾಲ್‌ನಲ್ಲಿ ಸಿಕ್ಕಿಬಿದ್ದ ಪ್ರಾಣಿ ಎಂದು ಸಿದ್ಧವಾಗುತ್ತದೆ.

ಯಾಜ್ಞವಲ್ಕ್ಯ ಸ್ಮೃತಿಯೂ ಅಡವಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಪಾಲನ್ನೇ ಹೇಳುತ್ತದೆ. ಲೆಕ್ಕ ಹಾಕಿದರೆ ಅದೇ 1.25. ಆ ಸ್ಮೃತಿಗೆ ಕಲ್ಯಾಣದ ಚಾಲುಕ್ಯರ ಕಾಲದ ವಿಜ್ಞಾನೇಶ್ವರ ಬರೆದ ವ್ಯಾಖ್ಯಾನದ ಹೆಸರು 'ಮಿತಾಕ್ಷರ'. ಬ್ಯಾಂಕುಗಳು ಈ ಪರಂಪರೆಯನ್ನು ಮುಂದುವರಿಸಿ 'ಸೂಕ್ಷ್ಮಾಕ್ಷರ'ವೆಂಬ ಶೈಲಿಯನ್ನು ಬೆಳೆಸಿದವು. ಮುಖ್ಯ ಷರತ್ತುಗಳ ಅಕ್ಷರ ಕನಿಷ್ಠ 12 ಪಾಯಿಂಟ್ ಇರಬೇಕೆಂದು ರಿಸರ್ವ್ ಬ್ಯಾಂಕ್ ಕಟ್ಟಳೆ ಮಾಡಿದ ಮೇಲೆ ಅಕ್ಷರ ದಪ್ಪವಾಯಿತು. ಓದುಗ ಮಾತ್ರ ಮೊದಲಿನ ಹಾಗೆಯೇ ಕೊನೆಯ ಪುಟಕ್ಕೆ ಹಾರಿ ಸಹಿ ಹಾಕುತ್ತಾನೆ.

ಪೂರ್ವಪಕ್ಷ

'ಬರೀ ಮೂರೂಮುಕ್ಕಾಲು ಸಾರ್' ಎಂಬುದು ಕಾರ್ಡು ಮಾರುವ ಹುಡುಗನ ವಾದ. ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಕೇಳಿದವನನ್ನು ನಮ್ಮ ಅಜ್ಜಿ ಜಿಗಣೆ ಎನ್ನುತ್ತಿದ್ದಳು. ಅದಕ್ಕೆ ಮುಕ್ಕಾಲು ರೂಪಾಯಿ ಕೂಡಿಸಿ, ಎಸಿ ಹಾಕಿ, 'ಪ್ಲಾಟಿನಂ' ಎಂದು ಕರೆದರೆ ಜಿಗಣೆಯೇ ಗೌರವವಾಗುತ್ತದೆ. ತಿಂಗಳ 3.75 ಎಂದರೆ ವರ್ಷಕ್ಕೆ 45. ಶೇ 30ಕ್ಕಿಂತ ಹೆಚ್ಚು ಕೂಡದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಸೂರು ಹೋಯಿತು, ನಕ್ಷತ್ರ ಎಣಿಸಲು ಈಗ ಅನುಕೂಲ.

ಗಣಿತಾಧ್ಯಾಯ

ಬಾಕಿ 10,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿ 375. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 67 ರೂಪಾಯಿ 50 ಪೈಸೆ. ಒಟ್ಟು 442.50. ಕನಿಷ್ಠ ಮೊತ್ತ ಶೇ 5 ಎಂದು ಹಿಡಿದರೆ ನೀವು ಕಟ್ಟುವುದು 500. ಅಸಲಿನಲ್ಲಿ ಕರಗಿದ್ದು 57 ರೂಪಾಯಿ 50 ಪೈಸೆ. ಎಷ್ಟೋ ಹೋಟೆಲುಗಳಲ್ಲಿ ಇದು ಒಂದು ಮಸಾಲೆದೋಸೆಗೂ ಸಾಲದು. ಸಾಲದ್ದರಿಂದ ದೋಸೆಗೂ ಕಾರ್ಡು. ಮೇಲಿನ ವ್ಯುತ್ಪತ್ತಿ ಹೀಗೆ ಪ್ರಯೋಗದಿಂದಲೂ ಸಿದ್ಧವಾಯಿತು. ಬಾಕಿ ಉಳಿಸಿಕೊಂಡವನಿಗೆ ಹೊಸ ಖರೀದಿಯ ಮೇಲೂ ಬಡ್ಡಿರಹಿತ ಅವಧಿ ಇಲ್ಲವಾದ್ದರಿಂದ, ಆ ದೋಸೆ ಹೊಟ್ಟೆಗಿಳಿದ ದಿನದಿಂದಲೇ ಬಡ್ಡಿ.

ಸಿದ್ಧಾಂತ

ಕಾರ್ಡುದಾರರು ಮೂರು ವಿಧ. ಗಡುವಿನೊಳಗೆ ಪೂರ್ತಿ ಕಟ್ಟುವವನು ಉತ್ತಮ. ಅವನಿಗೆ 45 ದಿನವೋ 50 ದಿನವೋ ಬಡ್ಡಿಯೇ ಇಲ್ಲ. ದರ ನಾಲ್ಕಾದರೇನು, ನಲವತ್ತೈದಾದರೇನು. ಕನಿಷ್ಠ ಮೊತ್ತದವನು ಮಧ್ಯಮ. ಕಡಿಮೆ ಬಡ್ಡಿ ಬೇಕಾದದ್ದು ಇವನಿಗೇ. ಆದರೆ ಬ್ಯಾಂಕು 300ರಿಂದ 900ರವರೆಗಿನ ಸಿಬಿಲ್ ಅಂಕದ ಜಾತಕ ನೋಡಿ, ಒಳ್ಳೆಯ ದರವನ್ನು ಉತ್ತಮನಿಗೇ ಧಾರೆ ಎರೆಯುತ್ತದೆ. ಹಲ್ಲಿದ್ದವನಿಗೆ ಕಡಲೆ ಬೇಡ, ಕಡಲೆ ಬೇಕಾದವನಿಗೆ ಹಲ್ಲಿಲ್ಲ. ಕಾರ್ಡು ತುರುಕಿ ಎಟಿಎಂನಿಂದ ನಗದು ತೆಗೆಯುವವನು ಮೂರನೆಯವನು. ಆ ಕ್ಷಣದಿಂದಲೇ ಬಡ್ಡಿ, ಮೇಲೆ ಶುಲ್ಕ. ಅವನಿಗೆ ಬೇಕಾದದ್ದು ಶಾಸ್ತ್ರವಲ್ಲ, ಶಾಂತಿಹೋಮ.

ಆದ್ದರಿಂದ ಕಡಿಮೆ ಬಡ್ಡಿಯನ್ನು ಕಾರ್ಡಿನಲ್ಲಿ ಹುಡುಕುವುದು ಮೊಲದ ಕೊಂಬನ್ನು ತೂಕಕ್ಕೆ ಹಾಕಿದಂತೆ. ಬಾಕಿ ಹೊರುವುದು ಅನಿವಾರ್ಯವಾದರೆ ಠೇವಣಿಯ ಮೇಲಿನ ಸಾಲ, ಚಿನ್ನದ ಸಾಲ ಇವುಗಳ ದರ ಸಾಮಾನ್ಯವಾಗಿ ಎಷ್ಟೋ ಕಡಿಮೆ. ಭಾವಮೈದುನನ ಕೈಗಡಕ್ಕಂತೂ ಬಡ್ಡಿಯೇ ಇಲ್ಲ. ಪ್ರತಿ ಯುಗಾದಿಗೂ ಬೆಲ್ಲ ಅವನಿಗೆ, ಬೇವು ನಮಗೆ, ಅಷ್ಟೆ.

ಫಲಶ್ರುತಿ

ಅಧಿಕಾರಿಯ ಪ್ರಶ್ನೆ ಉಳಿಯಿತು. ಉತ್ತಮನಿಗೆ ಈ ಶಾಸ್ತ್ರ ಬೇಡ, ಮೂರನೆಯವನಿಗೆ ಓದಲು ಪುರುಸೊತ್ತಿಲ್ಲ. ಉಳಿದವನು ಮಧ್ಯಮನೊಬ್ಬನೇ. ಕಳೆದ ತಿಂಗಳು 500 ರೂಪಾಯಿ ಕಟ್ಟಿ, ಸಾಲ ತೀರಿತೆಂದು ಸಂಭ್ರಮಿಸಿ ದೋಸೆ ತಿಂದ ಈ ಗ್ರಂಥಕರ್ತನೇ ಅವನು. ಗ್ರಂಥದ ಗೌರವಧನ ಬಂದರೆ ಬಾಕಿಗೆ ಜಮಾ ಆಗುತ್ತದೆ. ಸಾಲದು, ಗೊತ್ತು.