ಪುಟಿಸಾಟದ ಪಂಚಾಯ್ತಿ

ಗದಗಿನ ಬಯಲಿನಲ್ಲಿ ಬಾಸ್ಕೆಟ್‌ಬಾಲ್ ಪಂದ್ಯದ ರೆಫರಿಯಾಗಿ ಸೀಟಿ ಹಿಡಿದು ನಿಂತಿದ್ದೆ. ಮುಂಡರಗಿ ಹುಡುಗ ಚೆಂಡು ಪುಟಿಸಿದ, ಎರಡೂ ಕೈಯಲ್ಲಿ ಹಿಡಿದ, ಮತ್ತೆ ಪುಟಿಸಿದ. ಊದಿದೆ: ಡಬಲ್ ಡ್ರಿಬಲ್!

ಅಂಚಿನಲ್ಲಿದ್ದ ಕಾಕಾ ಎದ್ದರು. "ಏನ್ ತಪ್ಪಾತ್ರೀ ಸರ? ಚೆಂಡೂ ಅವನ ಕಡೇನ ಐತಿ, ಕೈನೂ ಅವಂದ!"

"ಕಾಕಾ, ಉಂಡು ಕೈ ತೊಳ್ಕೊಂಡಮ್ಯಾಲೆ ಮತ್ತ ಅದ ತಾಟಿಗೆ ಕೈ ಹಾಕ್ತೀರೇನ್ರೀ? ಚೆಂಡು ಹಿಡದ ಅಂದ್ರ ಪುಟಿಸೋದು ಮುಗೀತು. ಇನ್ನ ಜೋಡಿಯವಗ ಒಗೀಬೇಕು, ಇಲ್ಲಾ ಬುಟ್ಟಿಗೆ ಎಸೀಬೇಕು."

"ಎದುರಿನವ ತಟ್ಟಿ ಬೀಳಿಸಿದ್ರ?"

"ಆವಾಗ ಮತ್ತ ಹೊಸಾ ಪಂಕ್ತಿ."

1891ರಲ್ಲಿ ಈ ಆಟ ಹುಟ್ಟುಹಾಕಿದ ನೇಯ್‌ಸ್ಮಿತ್ ಬರೆದ 13 ನಿಯಮಗಳಲ್ಲಿ ಪುಟಿಸುವ ಮಾತೇ ಇರಲಿಲ್ಲ, ಹಿಡಿದಲ್ಲಿಂದಲೇ ಎಸೆಯಬೇಕಿತ್ತು. ಪುಣ್ಯಾತ್ಮ, ಅಂದಿನ ರೆಫರಿಗಳಿಗೆ ಕಾಕಾಗಳ ಕಾಟ ಅಷ್ಟು ಕಡಿಮೆ!

ಆಟ ಮುಗಿದಾಗ ಕಾಕಾ ಮಿರ್ಚಿ ಭಜಿ ಪೊಟ್ಟಣ ಚಾಚಿದರು. ಒಂದು ತಗೊಂಡೆ. ಎರಡನೆಯದಕ್ಕೆ ಕೈ ಹೋಗುತ್ತಿದ್ದಂತೆ ಬಾಯಲ್ಲೇ ಸೀಟಿ ಹೊಡೆದರು.